ಆಯಿ ಅಂದರೆ ಯಾರು

ನಮ್ಮ ಕಚೇರಿಯ ಮುಖ್ಯಾಧಿಕಾರಿಗಳು ಬೆನ್ನಿನ ಶಸ್ತ್ರಚಿಕಿತ್ಸೆಗೆಂದು ಉದ್ದ ರಜೆ ಹಾಕಿ ಹೋದ ಮರುದಿನ ಬೆಳಿಗ್ಗೆ ನನ್ನ ಮೇಜಿನ ಮೇಲೆ ಒಂದು ಹಾಳೆ ಕೂತಿತ್ತು. ಮುಂದಿನ ಆದೇಶ ಬರುವವರೆಗೆ ಕಚೇರಿಯ ಪ್ರಭಾರ ನನ್ನದು ಎಂದು ಅದರಲ್ಲಿ ಬರೆದಿತ್ತು. ಹೆಡ್ ಕ್ಲಾರ್ಕ್ ಅದರ ಪ್ರತಿಯನ್ನು ಕಡತಕ್ಕೆ ಪೋಣಿಸುತ್ತ ನಕ್ಕರು. ‘ಪ್ರಭಾರ ಅಂದರೆ ಭಾರ ನಿಮ್ಮದು ಮ್ಯಾಡಂ, ಅಧಿಕಾರ ಅವರದೇ. ಸಹಿ ಮಾಡಿ, ಕಚೇರಿ ನಡೆಸಿ, ಹೊಸದೇನೂ ಮಾಡಬೇಡಿ.’ ಅವರು ಹೇಳಿದ್ದು ಮರಾಠಿಯಲ್ಲಿ. ಕನ್ನಡಕ್ಕೆ ತರುತ್ತಿರುವವಳು ನಾನು. ಈಗೀಗ ಯಾವ ಮಾತನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ತರುವಾಗಲೂ ಎರಡೆರಡು ಸಲ ತೂಗಿ ನೋಡುತ್ತೇನೆ. ಯಾಕೆಂದು ಹೇಳುತ್ತೇನೆ.

ನಮ್ಮದು ಪುಣೆಯ ಸ್ಥಳೀಯ ಆಡಳಿತಕ್ಕೆ ಸೇರಿದ ಒಂದು ಸಮಾಜಸೇವಾ ಕಚೇರಿ. ಮನೆಯಿಲ್ಲದವರ ವಸತಿ, ಕಟ್ಟಡ ಕೆಲಸದವರ ಮಕ್ಕಳ ಪಾಲನಾ ಕೇಂದ್ರ, ಒಂಟಿ ಹೆಂಗಸರ ಅರ್ಜಿ, ಎಲ್ಲವೂ ಅಲ್ಲಿಗೇ ಬರುತ್ತಿತ್ತು. ಇದಲ್ಲದೆ ಇನ್ನೊಂದು ಕೆಲಸವಿತ್ತು. ಬಸ್ ನಿಲ್ದಾಣದಲ್ಲೋ ರಸ್ತೆಯಲ್ಲೋ ಮಗು ಒಂಟಿಯಾಗಿ ಸಿಕ್ಕಿದರೆ ಪೊಲೀಸರು ಅದನ್ನು ಮಕ್ಕಳ ಸಮಿತಿಯ ಮುಂದೆ ನಿಲ್ಲಿಸುತ್ತಾರೆ. ಸಮಿತಿ ಮಗುವನ್ನು ಬಾಲಗೃಹಕ್ಕೆ ಕಳಿಸಿ, ಅದರ ಮನೆಯವರು ಯಾರು, ಎಲ್ಲಿದ್ದಾರೆ ಎಂದು ವಿಚಾರಿಸಿ ವರದಿ ಕೊಡಿ ಎಂದು ನಮಗೆ ಬರೆಯುತ್ತದೆ. ಆ ವರದಿಯ ಮೇಲೆಯೇ ಮುಂದಿನದೆಲ್ಲ ನಿಂತಿರುತ್ತದೆ.

ಹೊಸದೇನೂ ಮಾಡಬೇಡಿ ಎಂದರೆ ಕೇಳುವ ಜಾಯಮಾನ ನನ್ನದಲ್ಲ. ಕಡತಗಳು ಬೆಂಚಿನ ಕೆಳಗೆ ಬೆಕ್ಕಿನ ಮರಿಗಳಂತೆ ಮಲಗಿರುವುದನ್ನು ವರ್ಷಗಟ್ಟಲೆ ನೋಡಿ ಹೊಟ್ಟೆ ಉರಿದಿತ್ತು. ಮೊದಲ ವಾರವೇ ಒಂದು ನಿಯಮ ತಂದೆ. ಯಾವ ಕಾಗದವೂ ಮೂರು ದಿನಕ್ಕಿಂತ ಹೆಚ್ಚು ಒಬ್ಬರ ಮೇಜಿನ ಮೇಲೆ ಇರಕೂಡದು. ಮಕ್ಕಳ ವಿಚಾರಣೆಗೆ ಮೊದಲೆಲ್ಲ ಆಪ್ತಸಮಾಲೋಚಕಿ ಎರಡು ಸಲ, ಮೂರು ಸಲ ಹೋಗಿ, ಮಗು ಪಳಗಿದ ಮೇಲೆ ಮಾತಾಡಿಸುತ್ತಿದ್ದಳು. ಆ ಹುದ್ದೆ ಖಾಲಿ ಬಿದ್ದು ಬಹಳ ಕಾಲವಾಗಿತ್ತು. ಇರುವವರೇ ಒಂದೇ ಸಲ ಹೋಗಿ ಮುಗಿಸಿ ಬನ್ನಿ ಎಂದೆ. ತಿಂಗಳೊಳಗೆ ಬೆಂಚಿನ ಕೆಳಗಿನ ನೆಲ ಕಾಣಿಸಿತು. ನನಗೆ ನನ್ನ ಮೇಲೆಯೇ ಬಲು ಹೆಮ್ಮೆಯಾಯಿತು.

ಆ ದಿನಗಳಲ್ಲೇ ಸ್ವಾರಗೇಟ ಬಸ್ ನಿಲ್ದಾಣದಲ್ಲಿ ಸಿಕ್ಕ ಹುಡುಗಿಯ ಕಾಗದ ಬಂತು. ನಾಲ್ಕು ವರ್ಷ ಇರಬಹುದು. ಬಸ್ಸು ಖಾಲಿಯಾದ ಮೇಲೆ ಕಂಡಕ್ಟರ್ ಹಿಂದಿನ ಸೀಟಿನಲ್ಲಿ ನೋಡಿದ್ದ, ನಿದ್ದೆಯಲ್ಲಿದ್ದಳು. ಎರಡು ದಿನದಿಂದ ಬಾಯಿ ಬಿಟ್ಟಿಲ್ಲ, ಬಿಟ್ಟರೆ ಕನ್ನಡವೋ ತೆಲುಗೋ ತಿಳಿಯುತ್ತಿಲ್ಲ ಎಂದು ಬಾಲಗೃಹದ ಅಧೀಕ್ಷಕಿ ಬರೆದಿದ್ದರು. ಹೆಡ್ ಕ್ಲಾರ್ಕ್ ಕಾಗದವನ್ನು ನನ್ನ ಮುಂದಿಟ್ಟರು. ‘ಇದು ನಿಮ್ಮ ಭಾಷೆಯ ಕೇಸು ಮ್ಯಾಡಂ.’ ಕಚೇರಿಯಲ್ಲಿ ಕನ್ನಡದವಳು ನಾನೊಬ್ಬಳೇ. ನನ್ನ ಅಜ್ಜ ಬಾಗಲಕೋಟೆ ಕಡೆಯಿಂದ ಬಂದು ಇಲ್ಲಿನ ಪೇಟೆಯಲ್ಲಿ ಬಟ್ಟೆಯಂಗಡಿ ಇಟ್ಟವನು. ಮೂರನೆಯ ತಲೆಮಾರಿಗೂ ಮನೆಯಲ್ಲಿ ಕನ್ನಡ ಉಳಿಸಿಕೊಂಡಿದ್ದೇವೆ ಎಂದು ನೆಂಟರಿಷ್ಟರ ಮುಂದೆ ಕೊಚ್ಚಿಕೊಳ್ಳುವವಳು ನಾನು. ಬೇರೆ ಯಾರನ್ನೂ ಕಳಿಸದೆ ನಾನೇ ಹೋದೆ.

ಹುಡುಗಿ ಊಟದ ಕೋಣೆಯ ಮೇಜಿನ ಕೆಳಗೆ ಕೂತಿದ್ದಳು. ಬಾಲಗೃಹದವರು ಕೊಟ್ಟ ದೊಡ್ಡ ಅಳತೆಯ ಫ್ರಾಕು ಹೆಗಲಿಂದ ಜಾರುತ್ತಿತ್ತು. ನಾನೂ ಮೊಣಕಾಲೂರಿ ಮೇಜಿನ ಕೆಳಗೆ ತೂರಿದೆ. ಶೇಂಗಾ ಚಿಕ್ಕಿಯ ಪೊಟ್ಟಣ ಬಿಚ್ಚಿ ನಡುವೆ ಇಟ್ಟೆ.

‘ಯಾವ ಊರವ್ವಾ ನಿಂದು?’

ಕನ್ನಡ ಕೇಳಿದ ಕೂಡಲೇ ಅವಳ ಮುಖ ಅರಳಿದ್ದನ್ನು ನಾನು ಮರೆಯಲಾರೆ. ‘ನಮ್ಮೂರು,’ ಎಂದಳು.

‘ನಮ್ಮೂರು ಎಲ್ಲದ?’

‘ಹಳ್ಳದ ಬಾಜೂಕ.’

‘ನಿಮ್ಮ ಆಯಿ ಎಲ್ಲದಾಳ?’

‘ಆಯಿ ಸತ್ತಾಳ.’ ಚಿಕ್ಕಿ ಕಡಿಯುತ್ತಲೇ ಹೇಳಿದಳು. ‘ಕುಂಡ್ರಿಸಿ ಒಯ್ದ್ರು. ಹೂವಾ ಹಾಕಿದ್ರು.’

ನಮ್ಮ ಜನರಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣಿಗೆ ಒಯ್ಯುತ್ತಾರೆ. ಇಷ್ಟು ಸಣ್ಣ ಕೂಸು ಅದನ್ನು ಕಟ್ಟಿ ಹೇಳಲಾರದು, ಕಣ್ಣಾರೆ ನೋಡಿದೆ ಎಂದು ನನಗೆ ಖಾತ್ರಿಯಾಯಿತು. ತಲೆ ಸವರಿದೆ.

‘ಮತ್ತ ಯಾರದಾರ ಮನ್ಯಾಗ?’

‘ಅವ್ವ.’

‘ಅವ್ವ ಎಲ್ಲಿಗಿ ಹೋಗ್ಯಾಳ?’

‘ದುಡಿಲಾಕ.’

‘ಅಪ್ಪಾ?’

ತಲೆ ಅಲ್ಲಾಡಿಸಿದಳು. ಅಪ್ಪ ಎಂಬ ಮಾತು ಅವಳಿಗೆ ಏನೂ ಹೇಳಲಿಲ್ಲ. ಇನ್ನೊಂದು ಚಿಕ್ಕಿ ತೆಗೆದುಕೊಂಡಳು.

ಇಷ್ಟೇ ನಡೆದದ್ದು. ಇಪ್ಪತ್ತು ನಿಮಿಷ ಹಿಡಿದಿರಬಹುದು. ಮೂರು ದಿನದ ನಿಯಮದಂತೆ ಮರುದಿನವೇ ವರದಿ ಬರೆದೆ. ಮರಾಠಿಯ ನಮೂನೆಯಲ್ಲಿ ‘ಆಯಿ’ ಎಂಬ ಸಾಲಿನ ಮುಂದೆ ‘ಮಯತ’ ಎಂದು ತುಂಬಿದೆ, ಸತ್ತಿದ್ದಾಳೆ ಎಂದು. ‘ಇತರ ಸಂಬಂಧಿಕರು’ ಎಂಬಲ್ಲಿ, ಅಜ್ಜಿಯೊಬ್ಬಳಿದ್ದಾಳೆ, ಕೂಲಿಗೆ ಹೋಗುತ್ತಾಳೆ, ಠಿಕಾಣಿ ತಿಳಿದಿಲ್ಲ ಎಂದು ಬರೆದೆ. ಕೆಳಗೆ ಸಹಿ, ಸಹಿಯ ಕೆಳಗೆ ಪ್ರಭಾರಿ ಎಂಬ ಹೊಸ ಮೊಹರು.

ಅವ್ವ ಎಂದರೆ ತಾಯಿ ಎಂದು ಗೊತ್ತಿಲ್ಲದ ಕನ್ನಡಿಗರಿಲ್ಲ. ನನಗೂ ಗೊತ್ತಿತ್ತು. ಆದರೆ ನಮ್ಮ ಮನೆಯಲ್ಲಿ ಹೆತ್ತವಳನ್ನು ನಾವು ಕರೆದದ್ದು ಆಯಿ ಎಂದು, ಅಕ್ಕಪಕ್ಕದ ಮರಾಠಿ ಮಕ್ಕಳು ಕರೆಯುವಂತೆಯೇ. ಅವ್ವ ಎಂದರೆ ನಮ್ಮಲ್ಲಿ ಅಪ್ಪನ ತಾಯಿ, ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಎಲೆಯಡಿಕೆ ಕುಟ್ಟುತ್ತಿದ್ದ ಮುದುಕಿ. ಆಯಿ ಸತ್ತಾಳೆ ಎಂದು ಕೇಳಿದ ಮೇಲೆ ಉಳಿದ ಅವ್ವ ಅಜ್ಜಿಯೇ ಆಗಬೇಕು ಎಂದು ನನ್ನ ತಲೆ ತಾನೇ ಲೆಕ್ಕ ಹಾಕಿಬಿಟ್ಟಿತು. ಯೋಚಿಸಿದ್ದರೆ ತಾನೆ ಅನುಮಾನ ಬರುವುದು? ಆಯಿ ಎಂಬುದನ್ನು ನಾನು ಅನುವಾದ ಕೂಡ ಮಾಡಲಿಲ್ಲ. ಹುಡುಗಿ ಆಯಿ ಅಂದಳು, ಮರಾಠಿ ಕಾಗದದ ಮೇಲೆ ಆಯಿ ಎಂದೇ ಉಳಿಯಿತು.

ಮುಂದಿನದು ನಿಯಮದಂತೆ ನಡೆಯಿತು. ಹುಡುಗಿಯ ಫೋಟೊ ಹಾಕಿ ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟರು. ಯಾರೂ ಬರಲಿಲ್ಲ. ನಗರದ ಠಾಣೆಗಳಲ್ಲಿ ಇಂಥ ಮಗು ಕಳೆದಿದೆ ಎಂಬ ದೂರು ಇರಲಿಲ್ಲ. ತಾಯಿ ಬದುಕಿದ್ದಾಳೆಂಬ ಸಂಶಯವಿದ್ದಿದ್ದರೆ ಸಮಿತಿ ಗಡಿಯಾಚೆಗೂ ಬರೆದು ಕೇಳುತ್ತಿತ್ತೇನೋ. ತಾಯಿ ಸತ್ತ, ತಂದೆಯಿಲ್ಲದ ಮಗುವಿಗೆ ಅಷ್ಟು ದೂರ ಯಾರು ಹೋಗುತ್ತಾರೆ? ಕಾಯಬೇಕಾದ ನಾಲ್ಕು ತಿಂಗಳು ಕಾದರು. ಹುಡುಗಿಯನ್ನು ದತ್ತು ಕೊಡಬಹುದು ಎಂದು ಆದೇಶವಾಯಿತು. ಬೇರೆ ಊರಿನ ದಂಪತಿ ಅವಳನ್ನು ಒಪ್ಪಿದರು, ಬಂದು ನೋಡಿ ಹೋದರು. ಆ ಹೆಣ್ಣುಮಗಳು ಹನ್ನೊಂದು ವರ್ಷದಿಂದ ಮಗುವಿಗಾಗಿ ಕಾದವಳಂತೆ. ಆಮೇಲೆ ಭಾನುವಾರಕ್ಕೊಮ್ಮೆ ವಿಡಿಯೊ ಕರೆ ಮಾಡಿ ಮಾತಾಡಿಸುತ್ತಿದ್ದಳು. ಅವಳನ್ನು ತೋರಿಸಿ ‘ಇದು ನಿನ್ನ ಆಯಿ’ ಎಂದು ಬಾಲಗೃಹದವರು ಹುಡುಗಿಗೆ ಕಲಿಸಿದರು. ಅದನ್ನು ಕೇಳಿ ನನಗೆ ಸಂತೋಷವೇ ಆಗಿತ್ತು. ತಿಂಗಳ ಸಭೆಯಲ್ಲಿ ಮೇಲಧಿಕಾರಿಗಳು ಈ ಕಡತವನ್ನೇ ಎತ್ತಿ, ಕೆಲಸ ಹೀಗೆ ಚುರುಕಾಗಿ ಆಗಬೇಕು ಎಂದರು. ಮುಖ್ಯಾಧಿಕಾರಿಗಳ ರಜೆ ಎರಡನೆಯ ಸಲ ಮುಂದುವರಿದಿತ್ತು. ಮೊಹರಿನಿಂದ ಪ್ರಭಾರಿ ಎಂಬುದನ್ನು ಉಜ್ಜಿ ತೆಗೆಯುವ ದಿನ ಹತ್ತಿರ ಬಂತು ಎಂದು ಸಿಪಾಯಿಗಳು ಕೂಡ ಮಾತಾಡಿಕೊಳ್ಳುತ್ತಿದ್ದರು. ನಾನೂ ಕಿವಿಗೊಟ್ಟು ಕೇಳಿಸಿಕೊಳ್ಳುತ್ತಿದ್ದೆ, ಸುಳ್ಳೇಕೆ?

ಹುಡುಗಿಯನ್ನು ದಂಪತಿ ಕರೆದುಕೊಂಡು ಹೋಗಲು ಶುಕ್ರವಾರ ಗೊತ್ತಾಗಿತ್ತು. ಅದೇ ವಾರದ ಮಂಗಳವಾರ ನಾನು ಮಗರಪಟ್ಟಾದ ಹಿಂಬದಿಯಲ್ಲಿ ಏಳುತ್ತಿದ್ದ ಒಂದು ಕಟ್ಟಡದ ಕೆಲಸಗಾರರ ಶೆಡ್ಡಿಗೆ ಹೋದೆ. ಅಲ್ಲಿ ನಮ್ಮ ಪಾಲನಾ ಕೇಂದ್ರವಿತ್ತು. ಹಾಜರಿ ಪುಸ್ತಕ ನೋಡಿ, ನೀರಿನ ಡ್ರಮ್ಮಿನ ಮುಚ್ಚಳ ತೆಗೆಸಿ, ಪಾತ್ರೆ ಮೂಸಿ ನೋಡಿ, ತಪಾಸಣೆಯ ಎಲ್ಲ ಶಾಸ್ತ್ರ ಮುಗಿಸಿದೆ. ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಸಹಾಯಕಿ ಕಲಬುರಗಿ ಕಡೆಯವಳು. ರೊಟ್ಟಿ ಮುರಿದು ಒಂದೊಂದು ಬಾಯಿಗೂ ಇಡುತ್ತಿದ್ದಳು. ನಿನ್ನ ಮಕ್ಕಳೆಲ್ಲಿ ಎಂದು ಕೇಳಿದೆ.

‘ದೊಡ್ಡವು ಎರಡೂ ಊರಾಗ ಅದಾವ್ರಿ. ಆಯಿ ಮುತ್ಯಾ ನೋಡ್ಕೊಂತಾರ.’

‘ನಿಮ್ಮ ತಾಯಿಗಿ ವಯಸ್ಸಾಗಿರಬೇಕಲಾ. ಆಗ್ತದೇನು ಆಕಿಗಿ?’

‘ತಾಯಿ ಅಲ್ರಿ ಮ್ಯಾಡಂ. ಆಯಿ. ನಮ್ಮವ್ವನ ಅವ್ವ.’ ಅವಳು ನಕ್ಕಳು. ‘ನೀವು ಪುಣೇದವ್ರು. ನಿಮಗ ಆಯಿ ಅಂದ್ರ ಅವ್ವ. ನಮ್ಮ ಕಡಿ ಆಯಿ ಅಂದ್ರ ಮುದುಕಿ ಆಗ್ಬೇಕ್ರಿ.’

ನಾನೂ ನಕ್ಕೆ. ನಗು ಅರ್ಧಕ್ಕೇ ನಿಂತಿತು. ಕೈಯಲ್ಲಿದ್ದ ಚಹಾದ ಲೋಟವನ್ನು ಎಲ್ಲಿಡಬೇಕು ಎಂದು ತಿಳಿಯದೆ ಹಿಡಿದುಕೊಂಡೇ ಜೀಪಿನವರೆಗೆ ನಡೆದುಬಂದೆ. ಸಹಾಯಕಿ ಹಿಂದೆಯೇ ಓಡಿಬಂದು ಅದನ್ನು ಇಸಿದುಕೊಂಡಳು. ‘ಆರಾಮ ಅದೀರಿಲ್ರಿ?’ ಎಂದಳು.

ಕಚೇರಿಗೆ ಬಂದು ಕಡತದ ಪ್ರತಿ ತೆಗೆಸಿದೆ. ಆಯಿ ಸತ್ತಾಳ. ಅವ್ವ ದುಡಿಲಾಕ ಹೋಗ್ಯಾಳ. ಅಜ್ಜಿ ಸತ್ತಿದ್ದಾಳೆ, ಅಮ್ಮ ದುಡಿಯಲು ಹೋಗಿದ್ದಾಳೆ. ಮಗು ಸ್ಪಷ್ಟವಾಗಿ, ಒಂದೂ ತಪ್ಪಿಲ್ಲದೆ ಹೇಳಿತ್ತು. ದುಡಿಯಲು ಹೋದ ಆ ತಾಯಿ ಎಲ್ಲೋ ಇದ್ದಳು, ಹುಡುಕುತ್ತಿದ್ದಳು. ಅವಳನ್ನು ನಾನು ಕೊಂದು, ಮೇಲೆ ಮೊಹರು ಒತ್ತಿದ್ದೆ. ಶುಕ್ರವಾರಕ್ಕೆ ಮೂರೇ ದಿನ ಉಳಿದಿತ್ತು.

ಹೆಡ್ ಕ್ಲಾರ್ಕ್ ಬಾಗಿಲು ಹಾಕಿ ಕೂತರು. ನಿವೃತ್ತಿಗೆ ಒಂದು ವರ್ಷವಿದ್ದ ಮನುಷ್ಯ, ಕಾಗದದ ನಡೆ ಬಲ್ಲವರು. ನನ್ನ ಕೇಡು ಬಯಸಿದವರಲ್ಲ. ‘ತಪ್ಪು ಎಂದು ಬರೆಯಬೇಡಿ,’ ಎಂದರು. ‘ಹೊಸ ಮಾಹಿತಿ ದೊರೆತಿದೆ ಎಂದು ಬರೆಯಿರಿ. ಆಗ ತಪ್ಪು ಯಾರದೂ ಆಗುವುದಿಲ್ಲ.’ ಆ ಸಾಲನ್ನು ಅವರೇ ಚಂದದ ಅಕ್ಷರದಲ್ಲಿ ಬರೆದು ಮುಂದಿಟ್ಟರು.

ಅದರ ಅರ್ಥ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹೊಸ ಮಾಹಿತಿ ಎಂದರೆ ಸಮಿತಿ ಪೂರಕ ವರದಿ ಕೇಳುತ್ತದೆ. ಅದಕ್ಕೆ ತಿಂಗಳು ಹಿಡಿಯುತ್ತದೆ. ಅಷ್ಟರಲ್ಲಿ ಹಳೆಯ ಆದೇಶ ಜೀವಂತವಾಗಿಯೇ ಇದ್ದು, ಶುಕ್ರವಾರ ಹುಡುಗಿ ಹೋಗಿಬಿಡುತ್ತಾಳೆ. ವರದಿಯೇ ತಪ್ಪು ಎಂದು ವರದಿ ಕೊಟ್ಟವಳೇ ಬರೆದುಕೊಟ್ಟರೆ ಮಾತ್ರ ಆದೇಶದ ಬುಡ ಅಲ್ಲಾಡುತ್ತದೆ, ಸಮಿತಿ ಆ ದಿನವೇ ತಡೆಯಬೇಕಾಗುತ್ತದೆ. ಇನ್ನೂ ಒಂದು ದಾರಿಯಿತ್ತು. ಮುಖ್ಯಾಧಿಕಾರಿಗಳು ಇನ್ನೆರಡು ವಾರದಲ್ಲಿ ಬರುವವರಿದ್ದರು, ಅವರ ತಲೆಗೆ ಕಟ್ಟಿ ಸುಮ್ಮನಿರಬಹುದಿತ್ತು. ಮೊಹರು, ಸಭೆಯ ಹೊಗಳಿಕೆ, ಎಲ್ಲವೂ ಆ ಹೊತ್ತಿನಲ್ಲಿ ತಲೆಗೆ ಬಂದವು. ಬರಲಿಲ್ಲ ಎಂದು ಹೇಳಿದರೆ ನನ್ನ ನಾಲಿಗೆ ಬಿದ್ದೀತು. ಆ ದಂಪತಿಯೂ ನೆನಪಾದರು. ಹುಡುಗಿ ಅಲ್ಲಿ ಸುಖವಾಗಿಯೇ ಇರುತ್ತಾಳಲ್ಲ ಎಂದು ಮನಸ್ಸು ಒಂದು ಗಳಿಗೆ ಜಾರಿತು. ಆಮೇಲೆ ಆ ಮೇಜಿನ ಕೆಳಗೆ, ಕನ್ನಡ ಕೇಳಿ ಅರಳಿದ ಮುಖ ಕಣ್ಣ ಮುಂದೆ ಬಂತು. ಹೆಡ್ ಕ್ಲಾರ್ಕ್ ಬರೆದ ಹಾಳೆಯನ್ನು ಮಡಿಸಿ ಅವರಿಗೇ ಕೊಟ್ಟೆ. ಬೇರೆ ಹಾಳೆಯಲ್ಲಿ ‘ನಾನು ಸಲ್ಲಿಸಿದ ವರದಿ ತಪ್ಪು. ಭಾಷೆ ತಿಳಿದಿದೆ ಎಂಬ ಭರವಸೆಯಲ್ಲಿ ಒಂದು ಪದವನ್ನು ನಾನು ತಪ್ಪಾಗಿ ತಿಳಿದೆ. ಮಗುವಿನ ತಾಯಿ ಜೀವಂತ ಇರುವ ಸಂಭವವಿದೆ’ ಎಂದು ಬರೆದು, ಟಪ್ಪಾಲಿಗೆ ಕೊಡದೆ ಕೈಯಲ್ಲೇ ಹಿಡಿದು ಸಮಿತಿಗೆ ಹೋದೆ.

ಸಮಿತಿಯ ಅಧ್ಯಕ್ಷೆ ಎರಡು ಸಲ ಓದಿದರು. ‘ನಿಮ್ಮ ಮಾತೃಭಾಷೆ ಕನ್ನಡವೇ ಅಲ್ಲವೇ?’ ಎಂದರು.

‘ಹೌದು.’

‘ಹಾಗಾದರೆ ನಾನು ಇನ್ನು ಯಾರನ್ನು ನಂಬಲಿ?’

ಅವರು ಸಿಟ್ಟಿನಿಂದ ಹೇಳಿದ್ದಲ್ಲ. ಅದಕ್ಕೇ ಹೆಚ್ಚು ನೊಂದುಕೊಂಡೆ. ಶುಕ್ರವಾರದ ಕಳಿಸಿಕೊಡುವಿಕೆಯನ್ನು ತಡೆದರು. ಹದಿನೈದು ದಿನ ಕೊಟ್ಟರು. ಅಷ್ಟರಲ್ಲಿ ತಾಯಿ ಸಿಗದಿದ್ದರೆ ಹಳೆಯ ಆದೇಶವೇ ನಿಲ್ಲುತ್ತದೆ ಎಂದರು. ನಮ್ಮ ಕಚೇರಿಗೆ ವಾಪಸು ಬರುವಷ್ಟರಲ್ಲಿ ಮೇಲಿನಿಂದ ನನಗೊಂದು ಕಾರಣ ಕೇಳುವ ಪತ್ರವೂ ತಯಾರಾಗಿತ್ತು.

ಹುಡುಕುವುದು ಎಲ್ಲಿಂದ? ಮೊದಲು ಹುಡುಗಿಯನ್ನೇ ಮತ್ತೆ ಮಾತಾಡಿಸೋಣ ಎಂದು ಬಾಲಗೃಹಕ್ಕೆ ಹೋದೆ. ಅದು ಅತ್ಯಂತ ಕೆಟ್ಟ ದಿನ. ‘ನಿಮ್ಮ ಅವ್ವನ ಹೆಸರೇನವ್ವಾ?’ ಎಂದೆ. ಹುಡುಗಿ ಅಧೀಕ್ಷಕಿಯ ಸೆರಗು ಹಿಡಿದು ನನ್ನನ್ನೇ ನೋಡಿದಳು. ಮತ್ತೆ ಕೇಳಿದೆ. ಇದೇನು ಹೇಳುತ್ತಿದ್ದಾರೆ ಎಂದು ಅವಳು ಮರಾಠಿಯಲ್ಲಿ ಅಧೀಕ್ಷಕಿಯನ್ನು ಕೇಳಿದಳು. ಐದು ತಿಂಗಳಲ್ಲಿ ಕನ್ನಡ ಅವಳ ಬಾಯಿಂದ, ಕಿವಿಯಿಂದ, ಎರಡರಿಂದಲೂ ಹೋಗಿತ್ತು. ಆಡುವವರು ಒಬ್ಬರೂ ಇರಲಿಲ್ಲವಲ್ಲ. ನಾನೊಬ್ಬಳು ಇದ್ದೆ, ಒಂದೇ ಸಲ ಹೋಗಿ ಮುಗಿಸಿ ಬಂದಿದ್ದೆ.

ಮರುದಿನ ಮಗರಪಟ್ಟಾದ ಶೆಡ್ಡಿಗೆ ಹೋಗಿ ಆ ಸಹಾಯಕಿಯ ಮುಂದೆ ಎಲ್ಲ ಹೇಳಿಕೊಂಡೆ. ಶೆಡ್ಡುಗಳಲ್ಲಿ ಅಂಟಿಸಲೆಂದು ನಾನು ಬರೆದಿದ್ದ ನೋಟೀಸಿನ ಕರಡು ಕೇಳಿ ಅವಳು ಮೂಗು ಮುರಿದಳು. ‘ಇದು ಕಾಗದದ ಕನ್ನಡ ಅದ್ರಿ. ನಮ್ಮ ಮಂದಿ ಓದಂಗಿಲ್ಲ. ಮಾತಿನ್ಯಾಗ ಕಳಸ್ರಿ.’ ಮೊಬೈಲಿಗೆ ಅವಳೇ ಮಾತು ತುಂಬಿದಳು. ‘ಯವ್ವಾ, ಯಕ್ಕಾ, ಕೇಳ್ರಿ. ನಾಕ ವರ್ಷದ ಹೆಣ್ಣಕೂಸು ಪುಣೆ ಸ್ವಾರಗೇಟದಾಗ ಸಿಕ್ಕಾದ. ಅದರ ಆಯಿ ಸತ್ತಾಳ, ಕುಂಡ್ರಿಸಿ ಒಯ್ದಾರ. ಊರು ಹಳ್ಳದ ಬಾಜೂಕ ಅದ. ಅವ್ವ ದುಡಿಲಾಕ ಬಂದಾಳ. ಯಾರ ಕೂಸರ ಕಳದಿದ್ರ ಈ ನಂಬರಿಗಿ ಹಚ್ಚರಿ.’ ಹುಡುಗಿ ಹೇಳಿದ್ದೇ ನಾಲ್ಕು ಮಾತು. ಅವಳು ಕೇಳಿದ ಕೂಡಲೇ ಅದನ್ನು ಸರಿಯಾಗಿ ಜೋಡಿಸಿಬಿಟ್ಟಳು.

ಆ ಸಂದೇಶವನ್ನು ಕೂಲಿಯವರನ್ನು ಕರೆತರುವ ಮುಕಾದಮರ ಗುಂಪುಗಳಿಗೆ ಹಾಕಿದೆವು. ಕೆಲಸದವರ ಶೆಡ್ಡುಗಳಿಗೆ ಒಂದೊಂದಾಗಿ ನಾನೇ ಹೋಗಿ ಕೇಳಿಸಿದೆ. ಫೋನು ಬಂದವು. ಒಬ್ಬಾಕೆಯ ಕೂಸು ಗಂಡು, ಮೂರು ವರ್ಷದ ಹಿಂದೆ ಕಳೆದದ್ದು. ಸಂದೇಶ ಕೇಳಿ ಸುಮ್ಮನೆ ಅತ್ತಳು. ಇನ್ನೊಬ್ಬ ಗಂಡಸು ಹುಡುಗಿ ತನ್ನವಳೇ ಎಂದು ಗಲಾಟೆ ಮಾಡಿದ, ಗುರುತು ಕೇಳಿದರೆ ಫೋನು ಇಟ್ಟ. ಎಂಟು ದಿನ ಕಳೆದವು, ಒಂಬತ್ತಾದವು. ಊಟ ಸೇರುತ್ತಿರಲಿಲ್ಲ. ಹೆಡ್ ಕ್ಲಾರ್ಕ್ ಮಾತ್ರ ದಿನಾ ಬೆಳಿಗ್ಗೆ ಏನೂ ಕೇಳದೆ ಒಂದು ಪ್ಲೇಟು ಪೋಹೆ ತರಿಸಿ ಮೇಜಿನ ಮೇಲೆ ಇಡುತ್ತಿದ್ದರು.

ಹನ್ನೊಂದನೆಯ ದಿನ ಚಾಕಣದಿಂದ ಒಬ್ಬ ಮುಕಾದಮ ಫೋನು ಮಾಡಿದ. ‘ಮ್ಯಾಡಂ, ನಮ್ಮ ಗ್ಯಾಂಗಿನ್ಯಾಗ ಒಬ್ಬಾಕಿ ಅದಾಳ್ರಿ. ಆಕಿ ಕೂಸು ಸೊಲ್ಲಾಪುರದಾಗ ಕಳದಾದ. ಪುಣೇದಾಗ ಅಲ್ಲ. ಆದ್ರ ಆಯಿ ಸತ್ತದ್ದು, ಹಳ್ಳ, ಎಲ್ಲಾ ಬರಾಬರಿ ಕೂಡ್ತದ ನೋಡ್ರಿ.’

ಅವಳು ಮರುದಿನ ಬಂದಳು. ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಪ್ಲಾಸ್ಟಿಕ್ ಚೀಲದಿಂದ ಒಂದೊಂದೇ ತೆಗೆದು ಮೇಜಿನ ಮೇಲಿಟ್ಟಳು. ಅಂಗನವಾಡಿಯ ಚೀಟಿ, ಆಧಾರ್, ಜವಳದ ದಿನ ತೆಗೆಸಿದ ಫೋಟೊ, ಸೊಲ್ಲಾಪುರ ಠಾಣೆಯಲ್ಲಿ ಬರೆಸಿದ ದೂರಿನ ಮಡಿಕೆ ಹರಿದ ಪ್ರತಿ. ಗಂಡ ಮಗು ಹುಟ್ಟುವ ಮೊದಲೇ ಬಿಟ್ಟುಹೋಗಿದ್ದ. ಕೂಸನ್ನು ತನ್ನ ತಾಯಿಯ ಬಳಿ ಊರಲ್ಲಿಟ್ಟು ಅವಳು ಚಾಕಣದ ಕಾರ್ಖಾನೆ ಶೆಡ್ಡು ಕಟ್ಟುವ ಕೆಲಸಕ್ಕೆ ಬಂದಿದ್ದಳು. ತಾಯಿ ಸತ್ತಾಗ ಹೋಗಿ ಮಣ್ಣು ಮಾಡಿ, ಕೆಲಸ ಹೋದೀತೆಂದು ತಾನು ಮೊದಲು ಬಂದಳು. ತಿಥಿ ಮುಗಿದ ಮೇಲೆ ಊರಿನ ಗ್ಯಾಂಗು ಕೂಸನ್ನು ಕರೆತರಬೇಕಿತ್ತು. ಗ್ಯಾಂಗು ಮಗರಪಟ್ಟಾ ಹತ್ತಿರ ನಸುಕಿನಲ್ಲಿ ಗಡಿಬಿಡಿಯಿಂದ ಇಳಿಯಿತು. ಕೂಸು ಅವರ ಬಳಿ ಇದೆ ಎಂದು ಇವರು, ಇವರ ಬಳಿ ಇದೆ ಎಂದು ಅವರು. ಬಸ್ಸು ಸ್ವಾರಗೇಟಕ್ಕೆ ಹೋಯಿತು. ಕರೆತಂದ ಸಂಬಂಧಿಕ ಬೈಗುಳಕ್ಕೆ ಹೆದರಿ, ಸೊಲ್ಲಾಪುರದಲ್ಲಿ ಚಹಾಕ್ಕೆ ನಿಂತಾಗ ಕಳೆದಳು ಎಂದು ಸುಳ್ಳು ಹೇಳಿದ. ಅವಳು ಐದೂವರೆ ತಿಂಗಳು, ರಜೆ ಸಿಕ್ಕಾಗಲೆಲ್ಲ ಸೊಲ್ಲಾಪುರಕ್ಕೆ ಹೋಗಿ ಓಣಿ ಓಣಿ ಹುಡುಕಿದ್ದಳು.

‘ನಾ ಇಲ್ಲೇ ಇದ್ನೆಲ್ರಿ, ಒಂದು ತಾಸಿನ ಹಾದಿ,’ ಎಂದಳು. ‘ನೀವ್ಯಾಕ ಕೇಳಲಿಲ್ಲ? ಕಾಗದದಾಗ ನನಗ ಏನಂತ ಬರದಿದ್ರಿ?’

‘ಸತ್ತಾಳ ಅಂತ ಬರದಿದ್ರು.’

‘ಬರದವರು ಯಾರ್ರಿ?’

‘ನಾನ.’

ಬಯ್ಯಲಿ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು. ‘ಖರೇನ ಬರದೀರಿ ಬಿಡ್ರಿ,’ ಎಂದಳು. ‘ಇಷ್ಟು ದಿವಸ ನಾ ಸತ್ತಂಗನ ಇದ್ದೆ.’ ಆಮೇಲೆ ಕಾಗದಗಳನ್ನು ಒಂದರ ಮೇಲೊಂದು ಒಪ್ಪವಾಗಿ ಜೋಡಿಸಿ ಚೀಲದಲ್ಲಿಟ್ಟುಕೊಂಡಳು. ನನಗೆ ಅಳು ತಡೆಯಲಾಗಲಿಲ್ಲ. ಅವಳು ಅಳಲಿಲ್ಲ.

ದಾಖಲೆ ಪರಿಶೀಲನೆ, ಠಾಣೆಯ ಪತ್ರ, ಊರಿನ ಪಂಚಾಯತಿಯ ಉತ್ತರ, ಎಲ್ಲಕ್ಕೂ ಮೂರು ವಾರ ಹಿಡಿಯಿತು. ಈ ಸಲ ನಾನು ಯಾರನ್ನೂ ಅವಸರಪಡಿಸಲಿಲ್ಲ. ಅಷ್ಟರಲ್ಲಿ ಮುಖ್ಯಾಧಿಕಾರಿಗಳು ಬೆನ್ನಿಗೆ ಪಟ್ಟಿ ಕಟ್ಟಿಕೊಂಡು ಬಂದರು. ನಾನು ಮೊಹರನ್ನೂ ಬೀಗದ ಗೊಂಚಲನ್ನೂ ಒಪ್ಪಿಸಿದೆ. ನನ್ನ ಸೇವಾ ಪುಸ್ತಕದಲ್ಲಿ ಎಚ್ಚರಿಕೆಯ ಒಂದು ಷರಾ ಬಿತ್ತು, ಅದು ನ್ಯಾಯವಾಗಿಯೇ ಬಿತ್ತು. ಮೂರು ದಿನದ ನಿಯಮವನ್ನು ನಾನೇ ಹೇಳಿ ತೆಗೆಸಿದೆ. ಈಗ ನಮೂನೆಯಲ್ಲಿ ತಾಯಿಯ ಸಾಲಿನ ಕೆಳಗೆ ಪೆನ್ಸಿಲಿನಿಂದ ಒಂದು ಟಿಪ್ಪಣಿ ಬರೆದಿದೆ. ಹಡೆದವಳು ಯಾರು ಎಂದೇ ಕೇಳಬೇಕು, ಸಂಬಂಧದ ಹೆಸರು ಹಿಡಿದು ಕೇಳಕೂಡದು ಎಂದು. ಮುಖ್ಯಾಧಿಕಾರಿಗಳು ಅದನ್ನು ಅಳಿಸಲಿಲ್ಲ.

ಹುಡುಗಿಯನ್ನು ಒಪ್ಪಿಸುವ ದಿನ ನಾನು ಪ್ರಭಾರಿಯಾಗಿ ಹೋಗಲಿಲ್ಲ. ಭಾಷೆಗೊಬ್ಬರು ಬೇಕು ಎಂದು ಅಧ್ಯಕ್ಷೆ ನನ್ನನ್ನೇ ಕರೆಸಿದ್ದರು. ಇನ್ನು ಯಾರನ್ನು ನಂಬಲಿ ಎಂದ ಬಾಯಿಯಿಂದಲೇ ಬಂದ ಕರೆ ಅದು. ಬಾಲಗೃಹದ ಬಾಗಿಲ ಬಳಿ ಹೊಸ ಶಾಲಾ ಚೀಲವೊಂದು ಗೋಡೆಗೊರಗಿತ್ತು. ಆ ದಂಪತಿ ಹಿಂದಿನ ವಾರ ಬಂದಿದ್ದರಂತೆ. ಹೆಂಡತಿ ಒಳಗೆ ಬರಲಾರದೆ ಚೀಲವನ್ನು ಕಾವಲುಗಾರನ ಕೈಗೆ ಕೊಟ್ಟು, ಹುಡುಗಿ ಎಲ್ಲಿ ಹೋದರೂ ಇದನ್ನು ಕೊಡಿ ಎಂದು ಹೇಳಿ ತಿರುಗಿದಳಂತೆ. ನನ್ನ ತಪ್ಪು ಒಂದು ಮನೆಯನ್ನಲ್ಲ, ಎರಡನ್ನು ಸುಟ್ಟಿತ್ತು.

ಒಳಕೋಣೆಯಲ್ಲಿ ತಾಯಿ ಗೋಡೆಗೆ ಆತು ನಿಂತಿದ್ದಳು. ಅಧೀಕ್ಷಕಿ ಹುಡುಗಿಯ ಕೈಹಿಡಿದು ತಂದರು. ಎರಡು ಜಡೆ, ಅಳತೆಗೆ ಸರಿಯಾದ ಫ್ರಾಕು. ತಾಯಿ ನೆಲಕ್ಕೆ ಕುಸಿದು ಕೂತು ಎರಡೂ ಕೈ ಚಾಚಿ ಕರೆದಳು. ‘ಬಾರವ್ವಾ, ನನ್ನವ್ವಾ.’ ಹುಡುಗಿ ಹಿಂದೆ ಸರಿದಳು. ಅಧೀಕ್ಷಕಿ ಬಗ್ಗಿ, ಮರಾಠಿಯಲ್ಲಿ, ಇವಳೇ ನಿನ್ನ ಆಯಿ, ಹೋಗು ಎಂದರು. ಹುಡುಗಿ ತಾಯಿಯನ್ನು ಮೇಲಿಂದ ಕೆಳಗೆ ನೋಡಿದಳು. ಫೋನಿನಲ್ಲಿ ಭಾನುವಾರ ಬರುತ್ತಿದ್ದ ಮುಖ ಇದಲ್ಲ.

‘ಹೀ ಮಾಝೀ ಆಯಿ ನಾಹೀ,’ ಎಂದಳು. ಇವಳು ನನ್ನ ಆಯಿ ಅಲ್ಲ.

ಕೋಣೆಯಲ್ಲಿದ್ದವರೆಲ್ಲ ನನ್ನ ಕಡೆ ನೋಡಿದರು. ತಾಯಿಯೂ ನೋಡಿದಳು. ‘ಏನಂತಾಳ್ರಿ?’

ನಾನು ಹೇಳಿದೆ, ‘ನೀ ಆಯಿ ಅಲ್ಲ ಅಂತಾಳವ್ವಾ. ಅವ್ವ ಅಂತ ಗುರ್ತ ಹಿಡದಾಳ.’

ತಾಯಿ ಒಂದು ಕ್ಷಣ ನನ್ನನ್ನೇ ನೋಡಿದಳು. ಆಮೇಲೆ ಮಗಳ ಕಡೆ ತಿರುಗಿ, ಮೆಲ್ಲಗೆ, ನಗುತ್ತ ಹೇಳಿದಳು. ‘ಹೌದವ್ವಾ. ಆಯಿ ಸತ್ತಾಳ. ನಾ ಅವ್ವ.’ ಹುಡುಗಿ ಬರಲಿಲ್ಲ. ಅವಳೇ ಮೊಣಕಾಲಿನ ಮೇಲೆ ಸರಿಯುತ್ತ ಹತ್ತಿರ ಹೋಗಿ, ಮುಟ್ಟದೆ, ಎದುರಿಗೆ ಕೂತಳು. ಎಷ್ಟೋ ಹೊತ್ತಿನ ಮೇಲೆ ಹುಡುಗಿ ಅವಳ ಕೈಬಳೆಯನ್ನು ಒಂದು ಬೆರಳಿನಿಂದ ಮುಟ್ಟಿ ನೋಡಿದಳು.

ಮೊದಲ ತಪ್ಪು ಅನುವಾದವನ್ನು ಸಮಿತಿಗೆ ಬರೆದು ಒಪ್ಪಿಕೊಂಡಿದ್ದೇನೆ. ಈ ಎರಡನೆಯದನ್ನು ಯಾರ ಮುಂದೆಯೂ ಹೇಳಿಲ್ಲ. ಬೇಕೆಂದೇ ಮಾಡಿದೆ. ಅವಳಿಗೆ ತಿಳಿಯಲಿಲ್ಲವಲ್ಲ ಎಂದು ಸಮಾಧಾನ ಪಟ್ಟುಕೊಳ್ಳುತ್ತ ಅವರನ್ನು ಗೇಟಿನವರೆಗೆ ಬಿಡಲು ಬಂದೆ. ಹುಡುಗಿ ಶಾಲಾ ಚೀಲವನ್ನು ಅವುಚಿಕೊಂಡು ಬಿಕ್ಕುತ್ತಿದ್ದಳು. ರಿಕ್ಷಾ ನಿಲ್ಲಿಸಿದೆ. ತಾಯಿ ಭಾಷೆ ಬಾರದವಳು ಎಂದು, ಎಲ್ಲಿಗೆ ಹೋಗಬೇಕೆಂದು ಚಾಲಕನಿಗೆ ಹೇಳಲು ಬಾಯಿ ತೆರೆದೆ.

ಅವಳು ಅಷ್ಟರಲ್ಲಿ ಹತ್ತಿ ಕೂತು, ಮಗಳ ಕಾಲನ್ನು ಒಳಗೆ ಎಳೆದುಕೊಂಡಿದ್ದಳು. ‘ದಾದಾ, ಚಾಕಣಲಾ ಜಾಯಚಂಯ,’ ಎಂದಳು. ‘ಜವಳಚ್ಯಾ ಬಸ್ ಸ್ಟಾಪಲಾ ಸೋಡಾ. ಆಣಿ ಹಳೂ ಚಾಲವಾ, ಪೋರಗೀ ಘಾಬರಲೀಯ.’ ಚಾಕಣಕ್ಕೆ ಹೋಗಬೇಕು, ಹತ್ತಿರದ ಸ್ಟಾಪಿಗೆ ಬಿಡಿ, ನಿಧಾನ ನಡೆಸಿ, ಹುಡುಗಿ ಹೆದರಿದ್ದಾಳೆ. ನನ್ನ ಮರಾಠಿಯಷ್ಟೇ ನೇರ ಮರಾಠಿ.

ನಾನು ರಿಕ್ಷಾದ ಸರಳು ಹಿಡಿದುಕೊಂಡೇ ನಿಂತಿದ್ದೆ. ಅವಳು ನನ್ನ ಕೈಯನ್ನು ಮೆಲ್ಲಗೆ ಬಿಡಿಸಿದಳು. ‘ಬರ್ತೀನ್ರಿ ಮ್ಯಾಡಂ,’ ಎಂದಳು. ರಿಕ್ಷಾ ನಿಧಾನವಾಗಿಯೇ ಹೋಯಿತು.